ಸಭೆ ನಡೆದ ಮೇಲೆ ಬರೆದ ನಡವಳಿ

ಚನ್ನಗಿರಿ,
15 ಅಕ್ಟೋಬರ್ 1981, ಗುರುವಾರ

ಹಿರೇಬನ್ನಿಕಟ್ಟೆ ಪಂಚಾಯ್ತಿ ಬೋರ್ಡಿನ ಗುಮಾಸ್ತೆಯಾದ ಕುಮಾರಿ ಸಾವಂತ್ರಮ್ಮನವರಿಗೆ, ಅಂದರೆ ನನ್ನ ಸಾವಂತ್ರಿಗೆ, ಅಪ್ಪ ಚನ್ನಗಿರಿಯಿಂದ ಮಾಡುವ ಆಶೀರ್ವಾದ.

ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಎಂದು ಇಂಗ್ಲಿಷಿನಲ್ಲೇ ಶುರು ಮಾಡಬೇಕೆಂದಿದ್ದೆ. ಅದರ ಮುಂದಿನ ಭಾಗ ಹೇಗೆ ಹೋಗುತ್ತದೆ ಎಂಬುದು ಮರೆತುಹೋಗಿದೆ, ಆದ್ದರಿಂದ ಕನ್ನಡ. ನಿನ್ನ ಪತ್ರ ನಿನ್ನೆ ಮಧ್ಯಾಹ್ನ ಬಂತು. ಪೋಸ್ಟ್‌ಮ್ಯಾನ್ ಹಾಲೇಶಪ್ಪನ ಎದುರಿಗೇ ನಿಂತು ಓದಿದೆ. ನನ್ನ ಮುಖ ನೋಡಿ ಅವನು, "ಏನ್ರೀ ಉಚ್ಚಂಗೆಪ್ನೋರೆ, ಮಗಳಿಗೆ ಪ್ರಮೋಷನ್ ಆತಾ" ಎಂದು ಕೇಳಿದ. "ಪ್ರಮೋಷನ್ ಅಲ್ಲಪ್ಪಾ, ಮೆಮೊ" ಎಂದೆ. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ, ಸೈಕಲ್ ಹತ್ತಿ ಹೋದ. ಮೆಮೊ ಎಂಬ ಮಾತನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ಅವನು ಈ ತಾಲ್ಲೂಕಿನಲ್ಲಿ ಕಂಡಿರಲಾರ.

ಗುಮಾಸ್ತನಾದವನಿಗೆ ಮೊದಲು ಸಂಗತಿ, ಆಮೇಲೆ ಅಭಿಪ್ರಾಯ. ನಿನ್ನ ಪತ್ರದಿಂದ ನನಗೆ ತಿಳಿದದ್ದು ಸರಿಯೋ ತಪ್ಪೋ ನೋಡಿಕೋ. ನಿಮ್ಮ ಬೋರ್ಡಿನಲ್ಲಿ ಸಭೆಯ ನಡವಳಿಯನ್ನು ಸಭೆಗೆ ಮುಂಚೆಯೇ ಬರೆದಿಡುವುದು ರೂಢಿ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಏನು ತೀರ್ಮಾನವಾಯಿತು ಎಂಬುದನ್ನೆಲ್ಲ ಕಾರ್ಯದರ್ಶಿ ಹಿಂದಿನ ದಿನವೇ ಹೇಳಿ ಬರೆಸುತ್ತಾರೆ. ಸದಸ್ಯರು ಬಂದು, ಕೂತು, ಉಪ್ಪಿಟ್ಟು ತಿಂದು, ಸಹಿ ಹಾಕಿ ಹೋಗುತ್ತಾರೆ. ಈ ಸಲ ಕೇರಿಗೆ ಮಂಜೂರಾದ ಬೋರ್‌ವೆಲ್ಲನ್ನು ಅಧ್ಯಕ್ಷರ ತೋಟದ ಮನೆಯ ಮುಂದೆ ಕೊರೆಸುವುದೆಂದು ಬರೆಯಲು ಹೇಳಿದರು. ನೀನು ಉಳಿದದ್ದನ್ನೆಲ್ಲ ಬರೆದು ಆ ವಿಷಯದ ಕೆಳಗೆ ಮಾತ್ರ ಜಾಗ ಖಾಲಿ ಬಿಟ್ಟೆ. ಸಭೆಯಲ್ಲಿ ಕೇರಿಯ ಸದಸ್ಯೆ ಕರಿಯಕ್ಕ ಎದ್ದು ನಿಂತು, "ನಮ್ ಕೇರಿ ಬೋರು ನಿಮ್ ತ್ವಾಟಕ್ಕೆ ಹೆಂಗೆ ಹೋಗ್ತತೆ ಗೌಡ್ರೇ, ಅದಕ್ಕೇನು ಕಾಲು ಐತಾ" ಎಂದು ಕೇಳಿದಳು. ಎಲ್ಲರೂ ನಕ್ಕರು. ಪುಸ್ತಕದಲ್ಲಿ ಆಗಲೇ ಬರೆದಾಗಿದೆ ಎಂಬ ಧೈರ್ಯದ ಮೇಲೆ ಅಧ್ಯಕ್ಷರೂ ನಗುತ್ತ, "ಆತವ್ವಾ, ನೀನು ಹೇಳ್ದಂಗೇ ಆಗ್ಲಿ, ಕುಂದ್ರು" ಎಂದರು. ಅದನ್ನು ನೀನು ಹಾಗೆಯೇ ಬರೆದೆ. ಉಪ್ಪಿಟ್ಟು ಬಂತು. ಎಲ್ಲರೂ ಎಂದಿನಂತೆ ಓದದೆ ಸಹಿ ಹಾಕಿದರು. ಅಧ್ಯಕ್ಷರೂ ಹಾಕಿದರು. ಮಾರನೆಯ ದಿನ ಕಾರ್ಯದರ್ಶಿ ಪುಟ ತೆಗೆದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು.

ಈಗ ನಿನಗೆ ಮೆಮೊ. ಕೈತಪ್ಪಿನಿಂದ ತಪ್ಪು ಬರೆದೆನೆಂದು ಒಂದು ಸಾಲು ಕೊಟ್ಟರೆ ಮೆಮೊ ವಾಪಸು, ನಡವಳಿಗೆ ತಿದ್ದುಪಡಿ. ಕೊಡದಿದ್ದರೆ, ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲವಾದ್ದರಿಂದ, ನೀನು ಮನೆಗೆ. ಶನಿವಾರ ಸಂಜೆಯೊಳಗೆ ಉತ್ತರ ಕೊಡಬೇಕು. ಏನು ಮಾಡಲಿ ಅಪ್ಪಾ ಎಂದು ಕೇಳಿದ್ದೀಯ.

ಹೇಳುತ್ತೇನೆ. ಆದರೆ ನಾನು ನೆಟ್ಟಗೆ ಹೇಳುವವನಲ್ಲ, ನಿನಗೆ ಗೊತ್ತು. "ಉಪ್ಪು ಎಲ್ಲೈತೆ ಅಂತ ಕೇಳಿದ್ರೆ ನಿಮ್ಮಪ್ಪ ಶಿವಮೊಗ್ಗದ ಕಾಲೇಜಿನಿಂದ ಶುರು ಮಾಡ್ತಾರೆ" ಎಂದು ನಿನ್ನ ಅವ್ವ ಅನ್ನುತ್ತಿದ್ದಳು. ಅಲ್ಲಿಂದಲೇ ಶುರು ಮಾಡುತ್ತೇನೆ.

ಇಂಟರ್‌ಮೀಡಿಯೆಟ್ಟಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಫ್ಯೂಚರ್ ಪರ್ಫೆಕ್ಟ್ ಎಂಬ ಟೆನ್ಸ್ ಹೇಳಿಕೊಟ್ಟರು. ಷಲ್ ಹ್ಯಾವ್ ಬೀನ್ ಡನ್. ಇನ್ನೂ ಆಗದ ಕೆಲಸವನ್ನು ಮುಗಿದುಹೋಯಿತೆಂಬಂತೆ ಹೇಳುವುದು. ನನ್ನ ತಲೆಗೆ ಹೋಗಲಿಲ್ಲ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಫೇಲಾದೆ. ಆಮೇಲೆ ಹೊನ್ನಾಳಿಗೂ ನ್ಯಾಮತಿಗೂ ನಡುವಿನ ಒಂದು ಪಂಚಾಯ್ತಿ ಬೋರ್ಡಿನಲ್ಲಿ ಗುಮಾಸ್ತನಾಗಿ ಸೇರಿದೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಇನ್ನೂ ಸಂತೆಯಲ್ಲಿ ಸಿಗುತ್ತಾರೆ. ಮೊದಲ ಸಭೆಯ ಹಿಂದಿನ ದಿನ ಹಿರಿಯ ಗುಮಾಸ್ತ ಪಂಚಾಕ್ಷರಪ್ಪನವರು ನಡವಳಿ ಬರೆಸಲು ಕೂತರಲ್ಲ, ಆಗ ಆ ಟೆನ್ಸ್ ಪೂರ್ತಿ ಅರ್ಥವಾಯಿತು.

ನಮ್ಮ ಕೆರೆಬಿಳಚಿಯ ಕೇರಿಯಿಂದ ಬೋರ್ಡಿನ ಕುರ್ಚಿಯ ಮೇಲೆ ಕೂತವನು ನಾನೇ ಮೊದಲು. ಆ ಕುರ್ಚಿಗೆ ಒಂದು ಕೈ ಇರಲಿಲ್ಲ, ಆದರೂ ಕುರ್ಚಿಯೇ. ನನ್ನ ಅಕ್ಷರ ನೋಡಿ ಪಂಚಾಕ್ಷರಪ್ಪನವರು, "ಉಚ್ಚಂಗಿ, ನಿನ್ನ ಕೈಬರಹ ನೋಡಿದ್ರೆ ಯಾವ ಜಾತಿ ಅಂತ ಹೇಳಾಕಾಗಲ್ಲ ಬಿಡು" ಎಂದಿದ್ದರು. ಅವರು ಅದನ್ನು ಹೊಗಳಿಕೆ ಎಂದೇ ಹೇಳಿದ್ದು. ನಾನೂ ಹಾಗೆಯೇ ತೆಗೆದುಕೊಂಡೆ, ಬಹಳ ದಿನ ಹೇಳಿಕೊಂಡು ತಿರುಗಿದೆ. ಅವರ ಕೈಕೆಳಗೆ ನಾನು ಎಂಥ ನಡವಳಿ ಕಲಿತೆ ಎಂದರೆ, 'ದೀರ್ಘ ಚರ್ಚೆಯ ನಂತರ' ಎಂದು ಒಮ್ಮೆ ಬರೆದರೆ ಸಾಕು, ಓದಿದವರಿಗೆ ಆ ಚರ್ಚೆ ಕಿವಿಯಲ್ಲಿ ಕೇಳಿಸಬೇಕು. ಶಿವಮೊಗ್ಗದ ಕಚೇರಿಯಲ್ಲಿ ನಮ್ಮ ಬೋರ್ಡಿನ ಪುಟ ತೋರಿಸಿ, ಸಭೆ ಅಂದರೆ ಹೀಗೆ ನಡೆಸಬೇಕು ಎಂದು ಬೇರೆಯವರಿಗೆ ಹೇಳುತ್ತಿದ್ದರಂತೆ. ಆ ಸಭೆಗೆ ಕೋರಂ ಕೂಡ ಆಗಿರಲಿಲ್ಲ.

ಎಪ್ಪತ್ಮೂರರಲ್ಲೋ ಎಪ್ಪತ್ನಾಲ್ಕರಲ್ಲೋ, ನ್ಯಾಮತಿ ರಸ್ತೆಯ ಮೋರಿಯ ವಿಷಯ ಸಭೆಗೆ ಬರಬೇಕಿತ್ತು. ಗೋಣೆಪ್ಪನವರೆಂಬ ಸದಸ್ಯರು ಅದನ್ನು ಅನುಮೋದಿಸಿದರೆಂದು ಪಂಚಾಕ್ಷರಪ್ಪನವರು ಹಿಂದಿನ ದಿನ ಬರೆಸಿದ್ದರು. ಬೆಳಗ್ಗೆ ಸದಸ್ಯರು ಬಂದು ಕೂರುವ ಹೊತ್ತಿಗೆ, ಗೋಣೆಪ್ಪನವರು ಹೊಲದ ದಾರಿಯಲ್ಲಿ ಕುಸಿದು ತೀರಿಕೊಂಡರೆಂದು ಸುದ್ದಿ ಬಂತು. ಸಭೆ ಎದ್ದು ನಿಂತು ಮೌನ ಆಚರಿಸಿತು. ಸಂತಾಪದ ನಿರ್ಣಯವನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕು, ಮೇಲೆ ಜಾಗವೇನೋ ಇತ್ತು. ಹೀಗಾಗಿ ಮೊದಲನೆಯ ವಿಷಯದಲ್ಲಿ ದಿವಂಗತ ಗೋಣೆಪ್ಪನವರ ಆತ್ಮಕ್ಕೆ ಶಾಂತಿ ಕೋರಲಾಯಿತು, ಅದೇ ಪುಟದ ಕೆಳಗೆ ಗೋಣೆಪ್ಪನವರು ಮೋರಿಯನ್ನು ಅನುಮೋದಿಸಿದರು. ನಾನು ಗಾಬರಿಯಾಗಿ ತೋರಿಸಿದರೆ ಪಂಚಾಕ್ಷರಪ್ಪನವರು, "ಇರ್ಲಿ ಬಿಡೋ, ಇದ್ದಾಗ ಒಂದಿನಾನೂ ಬಾಯಿ ಬಿಟ್ಟೋನಲ್ಲ, ಸತ್ತ ಮ್ಯಾಲಾದ್ರೂ ಒಂದು ಮಾತು ಆಡ್ಲಿ" ಎಂದರು. ಎಲ್ಲರೂ ಸಹಿ ಹಾಕಿದರು. ಆಡಿಟ್‌ನವರು ಟಿಕ್ ಹಾಕಿ ಹೋದರು. ಮೋರಿಯೂ ಆಯಿತು, ಈಗಲೂ ಬಸ್ಸು ಅದರ ಮೇಲೆಯೇ ಹೋಗುವುದು.

ಅವತ್ತು ಮನೆಗೆ ಬಂದು ಇದನ್ನು ಹೇಳಿ ನಾನು ಬಿದ್ದು ಬಿದ್ದು ನಕ್ಕೆ. ನಿನ್ನ ಅವ್ವ ರೊಟ್ಟಿ ತಟ್ಟುತ್ತಿದ್ದವಳು ತಾನೂ ನಕ್ಕಳು. ಆಮೇಲೆ, "ಹಂಗಾರೆ ಅಲ್ಲಿ ಬದುಕಿರೋರು ಏನು ಮಾಡ್ತಾರೆ" ಎಂದು ಕೇಳಿದಳು. ನಿನಗೆ ಬೋರ್ಡಿನ ವಿಷಯ ತಿಳಿಯುವುದಿಲ್ಲ, ಸುಮ್ಮನಿರು ಎಂದೆ. ಮತ್ತೆ ರೊಟ್ಟಿ ತಟ್ಟತೊಡಗಿದಳು. ಅವಳು, ನನ್ನ ಅಂತರಘಟ್ಟಮ್ಮ, ತೀರಿಹೋಗಿ ಮೂರು ವರ್ಷವಾಯಿತು. ಚನ್ನಗಿರಿಗೆ ವರ್ಗವಾಗಿ ಬಂದಮೇಲೂ, ನಿವೃತ್ತನಾಗುವ ತನಕವೂ, ಅವಳ ಆ ಮಾತಿಗೆ ಉತ್ತರ ಕೊಡಬೇಕೆಂದು ನನಗೆ ಅನ್ನಿಸಿರಲಿಲ್ಲ. ನಿನ್ನೆ ಹಾಲೇಶಪ್ಪನ ಎದುರಿಗೆ ನಿಂತು, ಕರಿಯಕ್ಕ ಎದ್ದು ನಿಂತದ್ದನ್ನು ಓದಿದಾಗ, ಉತ್ತರ ನಮ್ಮ ಮನೆಯಿಂದಲೇ, ನಿನ್ನ ಕೈಯಿಂದ ಹೋಗಿದೆ, ನಾನು ಕೊಟ್ಟದ್ದಲ್ಲ ಅಷ್ಟೆ ಎನ್ನಿಸಿತು. ಅಕ್ಷರದಲ್ಲಿ ನೀನು ನನಗೆ ಸಮನಲ್ಲ ಮಗಳೇ, ನಿನ್ನ 'ಳ' ಮತ್ತು 'ಕ' ಈಗಲೂ ಸೊಟ್ಟಗೆ ಹೋಗುತ್ತವೆ. ಆದರೆ ನಾನು ಬರೆದ ಯಾವ ಪುಟಕ್ಕೂ ಯಾರೂ ಹೆದರಿದ್ದಿಲ್ಲ.

ಇನ್ನೊಂದು ಸಂಗತಿ. ನಿನ್ನೆ ಸಂಜೆ ತಿಪ್ಪೇರುದ್ರಸ್ವಾಮಿ ಎಂಬುವರು ಮನೆ ಹುಡುಕಿಕೊಂಡು ಬಂದಿದ್ದರು. ನಿಮ್ಮ ಅಧ್ಯಕ್ಷರ ಭಾವಮೈದುನರಂತೆ. ಒಳಗೆ ಬನ್ನಿ ಎಂದರೆ ಕಟ್ಟೆಯ ಮೇಲೇ ಗಾಳಿ ಚೆನ್ನಾಗಿದೆ ಎಂದರು, ಟೀ ಈಗ ತಾನೇ ಆಯಿತು ಎಂದರು. "ಉಚ್ಚಂಗೆಪ್ನೋರೆ, ನೀವೂ ಬೋರ್ಡಿನಾಗೆ ತಲೆ ಹಣ್ಣು ಮಾಡ್ಕೊಂಡೋರು, ನಿಮಗೆ ಹೇಳಾಕೆ ನಾನು ಎಷ್ಟರೋನು. ಒಂದು ಸಾಲು ಬರ್ಕೊಡಾಕೆ ಮಗಳಿಗೆ ಹೇಳ್ರಿ. ಮ್ಯಾಲೆ ಹೇಳ್ಸಿ ಚನ್ನಗಿರಿ ಕಡೀಗೇ ಹಾಕಿಸ್ಕೊಡ್ತೀವಿ. ನೀವೂ ಪಾಪ, ಒಬ್ರೇ ಒಲಿ ಮುಂದೆ ಕೈ ಸುಟ್ಕಳ್ತೀರಿ" ಎಂದರು. ನಾನು ಎದ್ದು ನಿಂತು, ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ನಾಟ್ ಪಾಸಿಬಲ್ ಎಂದು ಇಂಗ್ಲಿಷಿನಲ್ಲೂ ಒಂದು ಸಲ ಹೇಳಿದೆ. ಅವರು ಕಟ್ಟೆಯಿಂದೆದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಆದ್ದರಿಂದ ನನ್ನ ಅಭಿಪ್ರಾಯ ಇದು: ಬರೆದುಕೊಡಬೇಡ. ಕೆಲಸ ಹೋದರೆ ಹೋಗಬಹುದು. ಅದು ಸಣ್ಣ ಮಾತೆಂದು ನಾನು ಹೇಳುವುದಿಲ್ಲ, ನಿನ್ನನ್ನು ಆ ಮೇಜಿನ ತನಕ ಕಳಿಸಲು ನಿನ್ನ ಅವ್ವ ಯಾರ ಯಾರ ಹೊಲದಲ್ಲಿ ಕಳೆ ಕಿತ್ತಳೆಂದು ನನಗೆ ಗೊತ್ತು. ಆದರೆ ಕೈತಪ್ಪು ಎಂದು ನೀನು ಬರೆದುಕೊಟ್ಟರೆ, ಕರಿಯಕ್ಕ ಆಡಿದ ಮಾತು ಆಡಲೇ ಇಲ್ಲ ಎಂದಾಗುತ್ತದೆ. ಕೇರಿಯ ಹೆಂಗಸರು ಕೊಡ ಇಟ್ಟುಕೊಂಡು, ಗೌಡರ ಮನೆಯವರು ಯಾವಾಗ ನೀರು ಬಿಡುತ್ತಾರೋ ಎಂದು ತೋಟದ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ನಿನ್ನ ಅವ್ವ ತೌರೂರಿನಲ್ಲಿ ಹಾಗೆ ನಿಂತು ಬೆಳೆದವಳು. ನನಗೆ ಅದನ್ನು ಒಂದೇ ಸಲ ಹೇಳಿದ್ದಳು, ನಿನಗೆ ಬಹಳ ಸಲ ಹೇಳಿರಬೇಕು.

ಮೆಮೊಗೆ ಉತ್ತರದ ಕರಡು ನಾನೇ ಬರೆದುಕೊಡೋಣವೆಂದು ಬೆಳಗ್ಗೆ ಕೂತೆ. ಎರಡು ಪುಟವಾಯಿತು. ಸನ್ಮಾನ್ಯರ ಸನ್ನಿಧಾನಕ್ಕೆ ಎಂದು ಶುರುವಾಗಿ, ದಯಮಾಡಿ ಮನ್ನಿಸಬೇಕೆಂದು ಪ್ರಾರ್ಥನೆ ಎಂಬಲ್ಲಿಗೆ ಮುಗಿಯಿತು. ಓದಿ ನೋಡಿದರೆ ನೀನೇ ತಪ್ಪು ಮಾಡಿದವಳಂತೆ ಕಂಡಿತು. ಹರಿದು ಒಲೆಗೆ ಹಾಕಿದೆ. ನನಗೆ ಬರುವುದು ಆ ಭಾಷೆಯೇ. ನಿನ್ನದು ನೀನೇ ಬರೆ.

ಇಲ್ಲಿ ನನಗೆ ಏನೂ ತೊಂ‌ದರೆಯಿಲ್ಲ. ರೊಟ್ಟಿ ಈಗ ಸುಮಾರಾಗಿ ದುಂಡಗೆ ಬರುತ್ತದೆ. ಪಕ್ಕದ ಮನೆಯ ಚೌಡಮ್ಮ ಸಾರು ಕೊಡಲು ಬಂದರೂ ಬೇಡ ಎನ್ನುತ್ತೇನೆ, ನನ್ನ ಚಿಂತೆ ಮಾಡಬೇಡ.

ನಿನ್ನ ಅಪ್ಪ,
ಮಾ. ಉಚ್ಚಂಗೆಪ್ಪ
ನಿವೃತ್ತ ಹಿರಿಯ ಗುಮಾಸ್ತ

ಪಿ.ಎಸ್. ಹಿರೇಬನ್ನಿಕಟ್ಟೆ, ಶನಿವಾರ. ಟಪಾಲಿಗೆ ಹಾಕಿದ್ದರೆ ಇದು ಸೋಮವಾರ ನಿನ್ನ ಕೈ ಸೇರುತ್ತಿತ್ತು. ಅದಕ್ಕೆ ನಾನೇ ತಂದಿದ್ದೇನೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಜಗಳೂರಿನಲ್ಲಿ ಮತ್ತೆ ಬದಲಿಸಿ, ಈಗ ನಿಮ್ಮ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತು ಇಷ್ಟನ್ನು ಸೇರಿಸುತ್ತಿದ್ದೇನೆ.

ಮೇಲೆ ಒಂದು ಕಡೆ, ನಡೆಯದ್ದನ್ನು ನಡೆದಂತೆ ಬರೆದಿದ್ದೇನೆ. ತಿಪ್ಪೇರುದ್ರಸ್ವಾಮಿಯವರಿಗೆ ಬುಧವಾರ ನಾನು ಆಗುವುದಿಲ್ಲ ಎನ್ನಲಿಲ್ಲ. ಚನ್ನಗಿರಿ ಕಡೆಗೆ ಹಾಕಿಸುತ್ತೇವೆ ಎಂದಾಗ, ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಚೌಡಮ್ಮನ ಸಾರನ್ನೂ ದಿನಾ ಇಸಿದುಕೊಳ್ಳುತ್ತೇನೆ. ಗುರುವಾರ ನಿನಗೆ ಬರೆಯುವಾಗ, ಆಗುವುದಿಲ್ಲ ಎಂದೆನೆಂದು ಕೈ ತಾನಾಗಿಯೇ ಬರೆದುಬಿಟ್ಟಿತು, ಕೆಳಗೆ ಸಹಿಯನ್ನೂ ಹಾಕಿದೆ. ಹಾಕಿದ ಮೇಲೆ ಅದನ್ನು ನಡೆಸದೆ ವಿಧಿಯಿರಲಿಲ್ಲ. ಬಸ್ಸಿಳಿದವನೇ ಅವರನ್ನು ಹೋಟೆಲಿನಲ್ಲಿ ಹುಡುಕಿ, ಅಲ್ಲಿ ಕೂತವರೆಲ್ಲರ ಎದುರಿಗೆ, "ನನ್ನ ಮಗಳು ಬರೆದಿದ್ದನ್ನ ತಿದ್ದಾಕೆ ನಾನು ಯಾರ್ರಿ" ಎಂದು ಹೇಳಿ ಬಂದೆ. ಇಂಗ್ಲಿಷ್ ಬಾಯಿಗೆ ಬರಲಿಲ್ಲ. "ನೌಕ್ರಿ ಹೋಗ್ತತೆ, ನೋಡ್ಕಳ್ರಿ" ಎಂದರು. "ಗೊತ್ತೈತ್ರಿ" ಎಂದೆ.

ನಿಮ್ಮ ಜವಾನ ರೇವಣ್ಣ, ಒಳಗೆ ಯಾರು ಬಂದಾರೆ ಅಂತ ಹೇಳ್ಲಿ ಎಂದು ಕೇಳಿದ. ಎಲ್ಲಿ ಹೋದರೂ ನಿವೃತ್ತ ಹಿರಿಯ ಗುಮಾಸ್ತ ಎಂದು ಹೇಳಿಕೊಳ್ಳುವವನು ನಾನು. ಇವತ್ತು, ಸಾವಂತ್ರಮ್ಮನವರ ಅಪ್ಪ ಎಂದೆ. ಅವನು ಎದ್ದು ಬೆಂಚು ಒರೆಸಿ ಕೂರಿಸಿದ. ಇದನ್ನು ಅವನ ಕೈಯಲ್ಲಿ ಒಳಗೆ ಕಳಿಸುತ್ತಿದ್ದೇನೆ. ಉತ್ತರ ಬರೆದು ಕೊಟ್ಟ ಮೇಲೆ ಹೊರಗೆ ಬಾ, ಅವಸರವಿಲ್ಲ. ನಾನು ಇಲ್ಲೇ ಇರುತ್ತೇನೆ.