ಕಾರಿನಡಿಯ ತಗಡು

ಜೂನ್ 10, 2024, ಸೋಮವಾರ. ಬೆಟಗೇರಿ.
ಏಳೂವರೆಗೆ ಹೊರಟದ್ದು. ಗದಗ ಬಸ್ ಸ್ಟ್ಯಾಂಡ್ ಎದುರು ದ್ರಾಕ್ಷಾಯಣಿ ಮೇಡಂ ನನ್ನ ಕಾರು ಹತ್ತಿದರು. ಎರಡು ವರ್ಷದಿಂದ ಹೀಗೇ — ನಾನು ಮುಂಡರಗಿಯ ಸರ್ವೆ ಆಫೀಸಿಗೆ, ಅವರು ಅಲ್ಲಿಂದ ಬಸ್ಸಿನಲ್ಲಿ ಕೊರ್ಲಹಳ್ಳಿ ಶಾಲೆಗೆ. ಡಂಬಳದ ಹತ್ತಿರ ಗಾಳಿ ಜೋರು. ವೇಗ ಎಪ್ಪತ್ತು ದಾಟಿದರೆ ಕಾರಿನ ಅಡಿಯಿಂದ ಒಂದೇ ಮೊರೆತ. ಇಬ್ಬರೂ ಕೂಗಿಯೇ ಮಾತಾಡಬೇಕು. ನನಗೆ ನಲವತ್ತೊಂದು, ಅವರಿಗೆ ಮೂವತ್ತೆಂಟು, ಇಬ್ಬರಿಗೂ ಮದುವೆಯಾಗಿಲ್ಲ. ಕೇಳಬೇಕಾದದ್ದು ಕೂಗಿ ಕೇಳುವಂಥದ್ದಲ್ಲ.

ಜೂನ್ 16, ರವಿವಾರ
ಕಾರಿನ ಕೆಳಗೆ ಮಲಗಿ ಅಳತೆ. ಪೈಪು, ಸಂದು, ಗುಂಡಿ — ಗಾಳಿ ಎಲ್ಲದಕ್ಕೂ ಬಡಿಯುತ್ತದೆ. ಅಡಿ ಸಪಾಟಾದರೆ ಸರಾಗ ಹರಿದುಹೋಗಬೇಕು. ಸದ್ದು ಇಳಿಯಬೇಕು, ಮೈಲೇಜೂ ಒಂದಿಷ್ಟು ಏರಬೇಕು. ಕಾಕಾನ ಸೀರೆ ಅಂಗಡಿಯ ಹಳೆಯ ಬೋರ್ಡು ಕತ್ತರಿಸಿದೆ. ಹಗುರ ತಗಡು, ಕಾರಿನಡಿಗೆ ಮುಚ್ಚಳದಂತೆ. ಆಯಿಲ್ ಇಳಿಸಲು ಕಿಂಡಿ ಬಿಟ್ಟೆ. ಮುಂದೆ ಆರು ಬೋಲ್ಟು. ಹಿಂದೆ ಬೋಲ್ಟಿಗೆ ಜಾಗವಿಲ್ಲ — ಅಪ್ಪನ ಮಗ್ಗದ ನೈಲಾನ್ ದಾರದಿಂದ ಕಟ್ಟಿದೆ. ನೇಕಾರರ ಗಂಟು. ಬಿಚ್ಚುವುದಿಲ್ಲ.
ಗ್ಯಾರೇಜಿನ ಗೋಣೆಪ್ಪ ಬಗ್ಗಿ ನೋಡಿದ. "ಏನ್ರಿ ಸರ, ಕಾರಿಗಿ ಲಂಗೋಟಿ ಕಟ್ಟೀರಿ?"
"ಗಾಳಿ ಸಲುವಾಗಿ."
"ಗಾಳಿ ಬೇಕಂದ್ರ ಬಿಚ್ಚಬೇಕ್ರಿ, ಕಟ್ಟಬಾರದು!"

ಜೂನ್ 18, ಮಂಗಳವಾರ
ಎಪ್ಪತ್ತರಲ್ಲಿ ಮೊರೆತ ಅರ್ಧಕ್ಕಿಂತ ಕಡಿಮೆ. ಅವರ ಬಳೆಯ ಸದ್ದು ಕೇಳಿತು. ಬಾಯಿ ತೆರೆದೆ... ತಿರುಗಿದರೆ ಅವರಿಗೆ ನಿದ್ದೆ. ಮುಂಡರಗಿಯವರೆಗೂ.

ಜೂನ್ 21, ಶುಕ್ರವಾರ
ಇಂದೂ ನಿದ್ದೆ. ಓದುತ್ತಿರುವ ರಷ್ಯನ್ ಕಾದಂಬರಿಯ ಅನುವಾದದಲ್ಲಿ ಒಬ್ಬ ತೊಂಬತ್ತು ಪುಟಗಳಿಂದ ಒಂದು ಮಾತನ್ನು ಮುಂದೂಡುತ್ತಿದ್ದಾನೆ. ಮುಚ್ಚಿಟ್ಟೆ.

ಜೂನ್ 28, ಶುಕ್ರವಾರ, ಸಂಜೆ
ಇಬ್ಬರೂ ಮರಳುವಾಗ ಡಂಬಳ ದಾಟಿ, ಹಿಂದೆ ಏನೋ ರಸ್ತೆಗೆ ಕೆರೆಯುವ ಸದ್ದು. ಇಳಿದು ಬಗ್ಗಿದೆ. ಗಂಟು ಹಾಗೇ ಇತ್ತು, ದಾರ ಕರಗಿತ್ತು. ಸೈಲೆನ್ಸರಿನ ಬಿಸಿ ಎಣಿಸಿರಲಿಲ್ಲ. ಮೇಡಂ ಎದ್ದು ಬಂದರು. ಬೇಲಿಯ ಬಳಿಯಿಂದ ತುಂಡು ತಂತಿ ಹುಡುಕಿ ತಂದರು. ನಾನು ಬಿಗಿಯುವಾಗ ತಗಡು ಎತ್ತಿ ಹಿಡಿದರು.
"ಇದನ್ನ ಯಾಕ ಹಾಕಿದ್ರಿ?"
"ಸಪ್ಪಳ ಕಡಿಮಿ ಆಗ್ಲಿ ಅಂತ. ಮಾತಾಡಾಕ."
"ಖರೇನ? ಸಪ್ಪಳ ಇದ್ದಾಗರ ನಾಕು ಮಾತು ಆಡತಿದ್ರಿ. ಈಗ ಬಾಯಾಗ ನೀರು ಹಿಡ್ಕೊಂಡವ್ರಂಗ ಕುಂದರತೀರಿ. ನನಗ ನಿದ್ದಿ ಬರದ ಮತ್ತೇನು ಬರತೈತ್ರಿ?"
ನಕ್ಕೆ. ಅವರು ನಗಲಿಲ್ಲ. ಲಕ್ಷ್ಮೇಶ್ವರಕ್ಕೆ ವರ್ಗ ಆಗಿದೆಯಂತೆ.
"ನಾಳೆ ಒಂದ ದಿನ ಐತ್ರಿ ಸರ. ಸೋಮವಾರದಿಂದ ನಂದು ಆ ಕಡೀ ಬಸ್ಸು."
"ಹೌದ್ರೇನು," ಅಂದೆ. ಕಾರು ಹತ್ತಿದೆವು.
ಗದಗಿನವರೆಗೂ ಅವರು ಎಚ್ಚರವಾಗಿಯೇ ಇದ್ದರು. ಕಾರು ಸದ್ದಿಲ್ಲದೆ ಓಡಿತು. ಹದಿನೆಂಟು ಕಿಲೋಮೀಟರು.

ಅದೇ ದಿನ, 7:15
ನಾಳೆ ಶನಿವಾರ. ಅವರದು ಬೆಳಗಿನ ಶಾಲೆ. ನನ್ನ ಆಫೀಸು ಹತ್ತಕ್ಕೇ. ಆದರೂ ಎರಡು ವರ್ಷದಿಂದ ಶನಿವಾರ ಆರಕ್ಕೆ ಹೊರಡುತ್ತೇನೆ. ಯಾಕೆಂದು ಅವರು ಕೇಳಿಲ್ಲ, ನಾನು ಹೇಳಿಲ್ಲ.
ಸ್ಪ್ಯಾನರು ಹೊಸ್ತಿಲ ಬಳಿ ಇಟ್ಟಿದ್ದೇನೆ. ಆರು ಬೋಲ್ಟು, ಒಂದು ತಂತಿ. ಹೊರಡುವ ಮೊದಲು ತಗಡು ಪೂರ್ತಿ ಬಿಚ್ಚುವುದು. ಎಪ್ಪತ್ತು ದಾಟಿಸುವುದು. ಡಂಬಳದ ಗಾಳಿಯಲ್ಲಿ, ಆ ಮೊರೆತದಲ್ಲಿ, ಕೂಗಿಯೇ ಕೇಳುವುದು —