ಒತ್ತಿ ಬರೆದ ಅಕ್ಷರ

ಹೆಡ್ ಕ್ಲಾರ್ಕ್ ಸಾಹೇಬರಿಗೆ ನಮಸ್ಕಾರ.

ಸೋಮವಾರದ ವಿಚಾರಣೆಗೆ ಬೇಕಾದ ಸಿ.ಡಿ. ಡಿಸ್ಕನ್ನು ಕಂಪ್ಯೂಟರ್ ಓದುತ್ತಿಲ್ಲ ಸರ್. ಅದರಲ್ಲಿ ಸಾಕ್ಷಿ ಹೇಳಿದ ಅಜ್ಜಿ ತೀರಿಕೊಂಡಿದ್ದಾರೆ, ಬೇರೆ ಪ್ರತಿಯೂ ಇಲ್ಲ. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮೂರು ಕಂಪ್ಯೂಟರಿಗೆ ಹಾಕಿ ನೋಡಿದೆ. ಎಲ್ಲದರಲ್ಲೂ ಅಜ್ಜಿ "ನಾನೇ ಕಣ್ಣಾರೆ ಕಂಡೆ, ಅವನು..." ಎನ್ನುತ್ತಲೇ ಡ್ರೈವ್ ಕರಕರ ಎಂದು ನಿಂತುಬಿಡುತ್ತದೆ.

ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದರ ಬೆನ್ನ ಮೇಲೆ ನಾನು ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ಕೇಸು ನಂಬರಿನ ಗೆರೆಗಳಲ್ಲೇ ಹೊಳೆಯುವ ಪದರ ಸೀಳಿ ಬೆಳಕು ತೂರಿಬರುತ್ತಿದೆ.

"ಮುತ್ತು ಪೋಣಿಸಿದ ಹಾಗೆ ಬರೀತೀಯಮ್ಮ, ಇನ್ಮೇಲೆ ಎಲ್ಲಾ ಡಿಸ್ಕಿಗೂ ನೀನೇ ಬರಿ" ಅಂದಿದ್ದಿರಿ. ಬರೆದಿದ್ದೇನೆ ಸರ್, ನಾನೂರಕ್ಕೂ.

ಉಳಿದ ಡಿಸ್ಕುಗಳಿರುವ ಬೀರುವಿನ ಕೀಲಿಯನ್ನು ಈ ಲಕೋಟೆಯೊಳಗೇ ಇಟ್ಟಿದ್ದೇನೆ. ದಯವಿಟ್ಟು ಬಂದು ನೀವೇ ತೆರೆಯಿರಿ, ನನಗೆ ಕೈ ಬರುತ್ತಿಲ್ಲ.

ಈ ಅಕ್ಷರ ಮಸುಕಾಗಿದ್ದರೆ ಕ್ಷಮಿಸಿ. ಒತ್ತಿ ಬರೆಯಲು ಭಯವಾಗುತ್ತಿದೆ.

ಇಂತಿ,
ಕೋರ್ಟಿನ ದಾಖಲೆ ಕೋಣೆಯ ಗುಮಾಸ್ತೆ