ಅಳಿಯನಿಗೆ ಎರಡನೇ ಹುಂಜ

ಮಳವಳ್ಳಿ ನೆರಳೂರು,
ಕ್ರಿ.ಶ. 2187, ಬಿಸಿಲುಮಾಸದ ನಲವತ್ತನೇ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ಹೊಂಬಾಳಮ್ಮನಿಗೆ ಕೆಂಪಮ್ಮಣ್ಣಿ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡ. ಹಳೆಯ ತಿಂಗಳುಗಳಲ್ಲಿ ಬೇಸಿಗೆ ಹಿಡಿಸದೆ ಹೋದಾಗ ಸರ್ಕಾರ ಹದಿಮೂರನೆಯದೊಂದನ್ನು ಸೇರಿಸಿತು. ಅದೇ ಬಿಸಿಲುಮಾಸ, ಮಳೆ ಬೀಳುವ ತನಕ ಅದು ಮುಗಿಯುವುದಿಲ್ಲ. ನೆರಳೂರು ಎಂದರೆ ಮೇಲೆ ಚಾವಣಿ ಹೊದ್ದ ಊರು. ನನ್ನ ಕೆಲವು ಮಾತು ನಿನಗೆ ವಿಚಿತ್ರವೆನಿಸಬಹುದು, ಕ್ಷಮಿಸು. ಬೈಗುಳಗಳು ಮಾತ್ರ ನಿನ್ನ ಕಾಲದವೇ, ಅವು ಬದಲಾಗಿಲ್ಲ. ಹಿಂದಕ್ಕೆ ಬರೆದ ಕಾಗದ ತಲುಪುತ್ತದೆಯೋ ಇಲ್ಲವೋ ನಾನರಿಯೆ. ತಲುಪುವುದಾದರೆ ಭಾನುವಾರಕ್ಕೆ ಮೊದಲೇ ತಲುಪಲಿ. ಭಾನುವಾರ ನಿನ್ನ ಹೊಸ ಅಳಿಯ ಊಟಕ್ಕೆ ಬರುತ್ತಾನೆ, ನೀನು ಕೆಂಪು ಕತ್ತಿನ ದೊಡ್ಡ ಹುಂಜವನ್ನು ಕೊಯ್ಯುತ್ತೀಯ.

ಕೊಯ್ಯಬೇಡ.

ಆ ಹುಂಜದ ಕತೆಯನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ತೊಡೆಯೊಂದೇ ತಟ್ಟೆ ತುಂಬಿತ್ತಂತೆ, ಅಳಿಯ ಊರೆಲ್ಲ ಹೊಗಳಿಕೊಂಡು ತಿರುಗಿದನಂತೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಲ್ಲ ಅಜ್ಜಿ, ದಪ್ಪನೆಯದನ್ನು ನೆಂಟರಿಗೆ ಕೊಯ್ದು, ಯಾರಿಗೂ ಬೇಡವಾದ ನರಪೇತಲನನ್ನು ಹೇಂಟೆಗಳ ಜೊತೆ ಬಿಟ್ಟರೆ ಹುಟ್ಟುವ ಪಿಳ್ಳೆಗಳು ಯಾರ ಹಾಗಿರುತ್ತವೆ? ನೀನೊಬ್ಬಳೇ ಅಲ್ಲ. ನಿನ್ನ ಮಗಳು, ಅವಳ ಮಗಳು, ಎಲ್ಲರೂ ಹಬ್ಬಕ್ಕೆ, ಹರಕೆಗೆ, ಬೀಗರಿಗೆ ಎಂದು ದೊಡ್ಡದನ್ನೇ ಹುಡುಕಿ ಕೊಯ್ದರು. ಮರ್ಯಾದೆಯೇನೋ ಉಳಿಯಿತು, ಕೋಳಿ ಪಾರಿವಾಳದಷ್ಟಾಯಿತು. ಕೊನೆಗೆ, ಮನೆಕೋಳಿಯಲ್ಲಿ ಮೂಳೆ ಬಿಟ್ಟರೆ ಏನಿದೆ ಎಂದು ಎಲ್ಲರೂ ಕಂಪನಿಯ ಮುಚ್ಚುಮರಿ, ಅಂದರೆ ವಂಶ ಬೆಳೆಯದಂತೆ ಮಾಡಿ ಮಾರುವ ಕೋಳಿಮರಿ, ತಂದರು. ಮುಚ್ಚುಮರಿ ಗಬಗಬ ತಿಂದು ಬೆಳೆಯುತ್ತದೆ, ಮಾಂಸಕ್ಕೇನೂ ಕಡಿಮೆಯಿಲ್ಲ. ಆದರೆ ಅದರ ಮೊಟ್ಟೆ ಮರಿಯಾಗುವುದಿಲ್ಲ, ಅದಕ್ಕೆ ಕಾವಿಗೆ ಕೂರುವುದೂ ಗೊತ್ತಿಲ್ಲ. ತಿಂದು ಮುಗಿಸಿದ ಮೇಲೆ ಮತ್ತೆ ಕಂಪನಿಯ ಗಾಡಿಯನ್ನೇ ಕಾಯಬೇಕು. ನಾನು ಚಿಕ್ಕವಳಿದ್ದಾಗ ಒಂದು ಬಿಸಿಲುಮಾಸವಿಡೀ ಆ ಗಾಡಿ ಬರಲಿಲ್ಲ. ಊರಿಗೆ ಊರೇ ಬರೀ ಉಪ್ಪೆಸರಿಗೆ ಮುದ್ದೆ ಅದ್ದಿಕೊಂಡು ಬೀದಿಯ ತುದಿ ನೋಡುತ್ತ ಕೂತಿತ್ತು. ನನ್ನ ಮನೆಯ ಮಾಂಸಕ್ಕೆ ಇನ್ನೊಬ್ಬರ ಗಾಡಿ ಕಾಯುವುದಿಲ್ಲ ಎಂದು ಆಗಲೇ ತೀರ್ಮಾನಿಸಿದೆ.

ಪಕ್ಕದ ಮನೆಯ ಜುಲೇಖಾಬಿಯ ಹತ್ತಿರ ಹಳೆಯ ಜಾತಿಯ ಕೆಲವು ಹೇಂಟೆಗಳಿದ್ದವು. ಗಾತ್ರದಲ್ಲಿ ಸಣ್ಣವು, ಆದರೆ ಕಾವಿಗೆ ಕೂತರೆ ಜಪ್ಪಯ್ಯ ಅಂದರೂ ಏಳದವು. ಮೊಟ್ಟೆ ಬೇಡಿ ತಂದೆ. ನಿನ್ನ ಕಾಲದ ವಾಷಿಂಗ್ ಮೆಷಿನ್ನುಗಳ ಡ್ರಮ್ಮುಗಳು ಇಲ್ಲಿ ಗುಜರಿಯಲ್ಲಿ ರಾಶಿ ಬಿದ್ದಿವೆ. ತಳಕ್ಕೆ ಮರಳು, ಮೇಲೆ ಹುಲ್ಲು ಹಾಕಿದರೆ ಕಾವಿಗೆ ಅದಕ್ಕಿಂತ ಒಳ್ಳೆಯ ಗೂಡಿಲ್ಲ. ತಂಪುಗಂಟೆಯಲ್ಲಿ, ಅಂದರೆ ಚಾವಣಿ ತೆರೆದು ಜನರನ್ನು ಹೊರಗೆ ಬಿಡುವ ಬೆಳಗಿನ ಹೊತ್ತಿನಲ್ಲಿ, ಕೋಳಿಗಳನ್ನೂ ಕೆದಕಲು ಬಿಡುತ್ತೇನೆ. ಕಂಪನಿಯ ಏಜೆಂಟು ಬಾಗಿಲಲ್ಲಿ ನಿಂತು "ಏನಮ್ಮಣ್ಣಿ, ಗುಬ್ಬಚ್ಚಿ ಸಾಕಿದ್ದೀರಾ?" ಎಂದು ಹಲ್ಲು ಕಿಸಿದ. ಕಿಸಿಯಲಿ. ಬೆಳೆದ ಹುಂಜಗಳನ್ನು ಒಂದೊಂದಾಗಿ ಎತ್ತಿ ಎದೆ ಸವರಿ ನೋಡುತ್ತೇನೆ. ಎದೆಮೂಳೆ ಚೂಪಾಗಿ ಕೈಗೆ ಸಿಕ್ಕರೆ ಅದು ಸಾರಿಗೆ. ಮೂಳೆ ಮಾಂಸದಲ್ಲಿ ಮುಚ್ಚಿಹೋಗಿ, ಕಾಲೂ ಗಟ್ಟಿಯಿದ್ದರೆ ಆ ಕಾಲಿಗೊಂದು ಕೆಂಪು ದಾರ. ದಾರ ಕಟ್ಟಿದ ಮೇಲೆ ದೇವರೇ ನೆಂಟನಾಗಿ ಬಂದರೂ ಅದಕ್ಕೆ ಕತ್ತಿ ತೋರಿಸುವಂತಿಲ್ಲ. ಪಾಪ ಪುಣ್ಯ ಎನ್ನುವವರೂ ಬರುತ್ತಾರೆ. ನಾನು ಸಾಕುವುದೇ ತಿನ್ನಲು, ಅದರಲ್ಲಿ ಮುಚ್ಚುಮರೆಯಿಲ್ಲ. ತಾಯಿಯ ರೆಕ್ಕೆಯಡಿ ಬೆಳೆದದ್ದನ್ನು ನನ್ನ ಕೈಯಾರೆ ಕೊಯ್ದು ತಿನ್ನುತ್ತೇನೆ.

ಹೀಗೆ ಆರಿಸಿ ಆರಿಸಿ ನನ್ನ ತಲೆ ನರೆಯಿತು. ಈಗಿರುವ ದಾರದ ಹುಂಜವನ್ನು ನೀನು ನೋಡಬೇಕು ಅಜ್ಜಿ! ಎತ್ತಲು ಎರಡು ಕೈ ಬೇಕು. ಅಂಥದ್ದು ಸದ್ಯಕ್ಕೆ ಅದೊಂದೇ, ಅದರ ಪಿಳ್ಳೆಗಳು ಇನ್ನೂ ಮೊಟ್ಟೆಯೊಳಗಿವೆ. ಇಂಥ ಹೊತ್ತಿನಲ್ಲೇ ಮಗಳು ಸಣ್ಣತಾಯಿಯ ಮದುವೆಯಾಯಿತು, ಮೊನ್ನೆ ನಮ್ಮಲ್ಲಿ ಬೀಗರ ಊಟ. ಸಾರಿಗೆ ಬೇಕಾದಷ್ಟು ಹುಂಜ ಕೊಯ್ದಿದ್ದೆ. ಆದರೆ ಗಂಡಿನ ತಂದೆ ಚಲುವೇಗೌಡರ ಕಣ್ಣು ಅಂಗಳಕ್ಕೆ ಬಿತ್ತು.

"ಅಲ್ಲಿ ಓಡಾಡ್ತಾ ಅದಲ್ಲ, ಅದ ಕುಯ್ಸಿ ಬೀಗಿತಿ. ಅಲ್ಲೀಗಂಟ ನಾವು ಎಲೆ ಮುಂದೆ ಕೂರಾಕಿಲ್ಲ," ಎಂದರು.

"ಅದರ ಕಾಲಲ್ಲಿ ದಾರ ಅದೆ ಬೀಗ್ರೇ. ಕೂರಾಕಿಲ್ಲ ಅಂದ್ರೆ ನಿಂತ್ಕಂಡೇ ಉಣ್ಣಿ," ಎಂದೆ.

ನಮ್ಮಣ್ಣ ಹತ್ತಿರ ಬಂದು, "ಒಂದು ಕೋಳಿಗೋಸ್ಕರ ಮಗಳ ಬಾಳು ಕೆಡಿಸ್ತೀಯಾ?" ಎಂದು ಹಲ್ಲು ಕಚ್ಚಿದ. ನನಗೇನು ಹೆದರಿಕೆಯಾಗಲಿಲ್ಲ ಎಂದಲ್ಲ. ಮಗಳು ಅತ್ತರೆ ಸೋತುಬಿಡುತ್ತಿದ್ದೆ. ಅವಳು ಅಳಲಿಲ್ಲ. ಮದುವೆಯ ಸೀರೆಯಲ್ಲೇ ಅಂಗಳಕ್ಕಿಳಿದು ಹುಂಜವನ್ನು ಕಂಕುಳಿಗೆ ಅವಚಿಕೊಂಡು ಬಂದು ಮಾವನ ಮುಂದೆ ನಿಂತಳು.

"ಮಾವ, ಇದ್ನ ಕುಯ್ದ್ರೆ ನಿಮ್ಮನೆಗೆ ನಾನು ಎಲ್ಲಿಂದ ಪಿಳ್ಳೆ ತರ್ಲಿ? ಒಂದಿನ ತಿಂತೀರೋ, ವರ್ಸಾ ವರ್ಸಾನೂ ತಿಂತೀರೋ, ನೀವೇ ಯೋಳಿ."

ಚಲುವೇಗೌಡರು ಹುಂಜವನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ಚಾಪೆ ಎಳೆದುಕೊಂಡು ಕೂತು, "ಬಡಿಸ್ರವ್ವ, ಮುದ್ದೆ ಆರೋಯ್ತದೆ," ಎಂದರು. ಸಣ್ಣತಾಯಿ ಗಂಡನ ಮನೆಗೆ ಹೋಗುವಾಗ ಒಡವೆಯ ಪೆಟ್ಟಿಗೆಯನ್ನು ಗಂಡನ ಕೈಗೆ ಕೊಟ್ಟು, ಮೊಟ್ಟೆಗಳ ಸಮೇತ ಕಾವಿನ ಡ್ರಮ್ಮನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಳು.

ಈಗ ನಿನ್ನ ಸರದಿ. ನೀನು ನನ್ನ ಮಾತು ಕೇಳಿದರೆ ನಾನು ಇಷ್ಟೆಲ್ಲ ಒದ್ದಾಡಬೇಕಾಗಿಯೇ ಇರುತ್ತಿರಲಿಲ್ಲ, ಈ ಕಾಗದವೂ ಇರುತ್ತಿರಲಿಲ್ಲ. ಇರದಿದ್ದರೆ ಬೇಡ. ಭಾನುವಾರ ಎರಡನೆಯದನ್ನು ಕೊಯ್ಯಿ, ಖಾರ ಚೆನ್ನಾಗಿ ಅರೆ. ಅಳಿಯ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಅವನು ನನ್ನ ಮುತ್ತಜ್ಜಿಯ ತಾತ. ಅವನ ವಂಶದವಳಾಗಿ ನಾನೇ ಹೇಳುತ್ತಿದ್ದೇನೆ, ಆ ತೊಡೆ ಅವನೊಬ್ಬನದಲ್ಲ, ನಮ್ಮೆಲ್ಲರದು. ಕತ್ತಿ ಕೆಳಗಿಡು ಅಜ್ಜಿ. ಒಂದು ಕೆಂಪು ದಾರ ಹುಡುಕು.

ನಿನ್ನ ಹಠಮಾರಿ ಮೊಮ್ಮಗಳು,
ಕೆಂಪಮ್ಮಣ್ಣಿ